ತೊಡೆಯ ಚರ್ಮ, ಕೈಯ ಬಣ್ಣ

ಕೆಲಸಕ್ಕೆ ಸೇರಿದ ದಿನ ಆ ಕ್ಲಿನಿಕ್ಕಿನ ಫ್ರಿಜ್ ಬಾಗಿಲು ತೆಗೆದಾಗ ಮೂಗಿಗೆ ಬಡಿದದ್ದು ಗೋಂಗೂರ ಪಚ್ಚಡಿಯ, ಎಂದರೆ ಪುಂಡಿಸೊಪ್ಪಿನ ಚಟ್ನಿಯ, ಹುಳಿ ವಾಸನೆ. ಮೇಲಿನ ತಟ್ಟೆಯಲ್ಲಿ ಯಾರದೋ ಊಟದ ಡಬ್ಬಿ, ಪಕ್ಕದಲ್ಲಿ ಒಡೆದ ಹಾಲಿನ ಪೊಟ್ಟಣ. ಸೋರಿದ ಹಾಲು ಕೆಳಗಿನ ತಟ್ಟೆಗೆ ಇಳಿದು ಹಳದಿಗಟ್ಟಿತ್ತು. ಆ ಹಳದಿಯ ನಡುವೆ ನನ್ನ ಲ್ಯಾಬ್ ಕೆಲಸಕ್ಕೆ ಬೇಕಾದ ಟ್ರಿಪ್ಸಿನ್ ಬಾಟಲಿಗಳು ನಿಂತಿದ್ದವು. ಒಂದನ್ನು ಎತ್ತಿದೆ. ತಟ್ಟೆಯೂ ಜೊತೆಗೇ ಎದ್ದುಬಂತು.

ತೆಲುಗು ಮಹಾನಗರದ ಮಣಿಕೊಂಡ ಬಡಾವಣೆಯ ಚರ್ಮದ ಕ್ಲಿನಿಕ್ ಅದು. ಮುಂಭಾಗದಲ್ಲಿ ಗಾಜಿನ ಗೋಡೆ, ಬಿಳಿ ಸೋಫಾ, ನಿಂಬೆಹುಲ್ಲಿನ ಸುಗಂಧ. ಹಿಂಭಾಗದಲ್ಲಿ ನನ್ನ ಲ್ಯಾಬ್. ಲ್ಯಾಬ್ ಎಂದರೆ ಮೊದಲು ಸ್ನಾನದ ಮನೆಯಾಗಿದ್ದ ಕೋಣೆ. ಗೋಡೆಗೆ ಹೊಸ ಬಣ್ಣ ಬಳಿದಿದ್ದರೂ ನೆಲದ ಮೂಲೆಯಲ್ಲಿ ನೀರು ಹೋಗುವ ಜಾಲರಿ ಹಾಗೇ ಉಳಿದಿತ್ತು. ಅದರಿಂದ ಜಿರಳೆಗಳು ಮೀಸೆಯನ್ನಷ್ಟೇ ಹೊರಗೆ ಚಾಚಿ ನನ್ನ ಕೆಲಸ ನೋಡುತ್ತಿದ್ದವು. ಡಾಕ್ಟರು ಬಂದವರಿಗೆಲ್ಲ ಆ ಬಾಗಿಲನ್ನು ದೂರದಿಂದ ತೋರಿಸಿ, ‘ನಮ್ಮ ಸೆಲ್ ಲ್ಯಾಬ್’ ಎನ್ನುತ್ತಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಶುದ್ಧತೆ ಕೆಡುತ್ತದಂತೆ.

ಕೆಲಸ ಇಷ್ಟು. ತೊನ್ನು ಬಂದವರ ಚರ್ಮದಲ್ಲಿ ಬಣ್ಣ ತಯಾರಿಸುವ ಕೋಶಗಳು ಆ ಮಚ್ಚೆಯ ಜಾಗದಲ್ಲಿ ಸತ್ತುಹೋಗಿರುತ್ತವೆ. ಅದೇ ಮನುಷ್ಯನ ತೊಡೆಯಲ್ಲಿ ಅವು ಚೆನ್ನಾಗಿಯೇ ಇರುತ್ತವೆ. ತೊಡೆಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಚರ್ಮದ ಪದರವೊಂದನ್ನು ಡಾಕ್ಟರು ಕೆರೆದು ತೆಗೆಯುತ್ತಾರೆ. ನಾನು ಅದನ್ನು ಟ್ರಿಪ್ಸಿನ್ನಿನಲ್ಲಿ ನೆನೆಸಿ, ಮೈಯ ಬಿಸಿಯಷ್ಟೇ ಬಿಸಿಯಿರುವ ನೀರಿನ ತೊಟ್ಟಿಯಲ್ಲಿ ಇಡುತ್ತೇನೆ. ಟ್ರಿಪ್ಸಿನ್ ಒಂದು ಕಿಣ್ವ. ನಮ್ಮ ಹೊಟ್ಟೆಯೊಳಗೆ ಬೇಳೆ, ಮಾಂಸವನ್ನು ಅರಗಿಸುವ ಬಗೆಯದೇ. ಕೋಶ ಕೋಶಗಳನ್ನು ಹಿಡಿದಿಟ್ಟ ಅಂಟನ್ನು ಅದು ಕತ್ತರಿಸುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಕೋಶಗಳನ್ನೇ ತಿಂದುಹಾಕುತ್ತದೆ, ಬೇಗ ತೆಗೆದರೆ ಪದರ ಬಿಡುವುದಿಲ್ಲ. ಹದ ಬಂದಾಗ ರೋಗಿಯದೇ ರಕ್ತದಿಂದ ತೆಗೆದ ತಿಳಿಯನ್ನು ಹಾಕಿ ಅದನ್ನು ನಿಲ್ಲಿಸಬೇಕು. ಆಗ ಚಿಮಟದಿಂದ ಎತ್ತಿದರೆ ಮೇಲ್ಪದರ ಕಾಯಿಸಿದ ಹಾಲಿನ ಕೆನೆಯಂತೆ ಒಂದೇ ಸಲಕ್ಕೆ ಕಳಚಿ ಬರುತ್ತದೆ. ಅದನ್ನು ಕಲಕಿ, ಗಿರಗಿರ ತಿರುಗಿಸಿ ತಳಕ್ಕಿಳಿಸಿದರೆ ಕೊಳವೆಯ ತುದಿಯಲ್ಲಿ ಕಂದು ಬಣ್ಣದ ಸಾಸಿವೆಯಷ್ಟು ಮುದ್ದೆ ಸಿಗುತ್ತದೆ. ಮಚ್ಚೆಯ ಜಾಗವನ್ನು ಉಜ್ಜಿ ಹಸಿ ಮಾಡಿ, ಆ ಮುದ್ದೆಯನ್ನು ದ್ರವದಲ್ಲಿ ಕದಡಿ ಹನಿಸಿದರೆ, ಕೋಶಗಳು ಅಲ್ಲಿ ಬೇರುಬಿಟ್ಟು ತಿಂಗಳುಗಳ ಮೇಲೆ ಬಣ್ಣ ಕೊಡುತ್ತವೆ. ಬದುಕಿದ್ದರೆ ಮಾತ್ರ.

ಬದುಕಿವೆಯೇ ಎಂದು ನೋಡಲು ನೀಲಿ ಬಣ್ಣವೊಂದನ್ನು ಒಂದು ಹನಿ ಬೆರೆಸುತ್ತೇವೆ. ಜೀವ ಇರುವ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸತ್ತದ್ದಕ್ಕೆ ಮುಚ್ಚುವ ಬಾಗಿಲಿಲ್ಲ, ನೀಲಿಯಾಗುತ್ತದೆ.

ಅಲ್ಲಿ ನನ್ನ ಮೊದಲ ರೋಗಿ ಕಾಲೇಜೊಂದರ ಮೇಷ್ಟರು, ಹಣೆಯ ಮೇಲೆ ಮಚ್ಚೆ ಇದ್ದವರು. ಅವರ ಚರ್ಮ ಟ್ರಿಪ್ಸಿನ್ನಿನಿಂದ ಎತ್ತಿದಾಗ ಕೆನೆಯಂತೆ ಬರಲಿಲ್ಲ. ಬಿರುಸಾಗಿತ್ತು, ಬೇಯಿಸಿದ ಕೋಳಿಯ ತೊಗಲಿನಂತೆ. ಚಿಮಟಕ್ಕೆ ಚೂರುಚೂರಾಗಿ ಹರಿಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ನೀಲಿ. ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಸರಿ ಸರಿ ಎಂದರು. ಇವತ್ತಿನದು ರದ್ದಾಯಿತು ಎಂದುಕೊಂಡು ನಾನು ಕೈ ತೊಳೆಯಲು ಹೋದೆ. ಸಂಜೆ ಮೇಷ್ಟರು ಹಣೆಗೆ ಪಟ್ಟಿ ಕಟ್ಟಿಸಿಕೊಂಡು, ಡಾಕ್ಟರಿಗೆ ಕೈಮುಗಿಯುತ್ತ ಹೊರಗೆ ಹೋಗುವುದನ್ನು ಕಂಡೆ. ನಾನು ಮೇಜಿನ ಮೇಲಿಟ್ಟಿದ್ದ ಕೊಳವೆ ಖಾಲಿಯಾಗಿತ್ತು.

‘ಅವು ಸತ್ತಿದ್ದವು ಸರ್’ ಎಂದೆ.

ಡಾಕ್ಟರು ಕನ್ನಡದವರಲ್ಲ, ನನ್ನೊಡನೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ಅವರು ಹೇಳಿದ್ದು ಕನ್ನಡದಲ್ಲಿ ಹೀಗಾಗುತ್ತದೆ: ‘ಬಣ್ಣ ಬಂದರೆ ನಮ್ಮ ಹೆಸರಮ್ಮಾ. ಬರದಿದ್ದರೆ ಅವರ ದೇಹ ಒಪ್ಪಲಿಲ್ಲ. ಅಷ್ಟೇ.’ ಹೇಳುತ್ತ ಅವರು ಬಿಸ್ಕತ್ತು ಚಹಾದಲ್ಲಿ ಅದ್ದುತ್ತಿದ್ದರು. ಅದ್ದಿದ ತುದಿ ಮೆತ್ತಗಾಗಿ ಕಪ್ಪಿನೊಳಗೆ ಬಿತ್ತು. ಬೆರಳು ಹಾಕಿ ಎತ್ತಿ ತಿಂದರು.

ತಪ್ಪು ನನ್ನ ಕೋಣೆಯಲ್ಲಿದೆ ಎಂದೇ ಹುಡುಕತೊಡಗಿದೆ. ಫ್ರಿಜ್ಜಿನಿಂದ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿ, ಸೋಡಾಪುಡಿ ಹಾಕಿ ಉಜ್ಜಿದೆ. ನೀರಿನ ತೊಟ್ಟಿಯ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿದರೆ ಗೋಡೆಗೆ ಲೋಳೆ. ತಳದಲ್ಲಿ ಜಿರಳೆಯ ಕಾಲು, ಯಾರದೋ ಕೂದಲು. ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಅದನ್ನೂ ತೊಳೆದೆ. ಥರ್ಮಾಮೀಟರ್ ಅದ್ದಿ ಬಿಸಿ ಸರಿಯಿದೆಯೆಂದು ನೋಡಿದೆ. ಉಳಿದದ್ದು ಟ್ರಿಪ್ಸಿನ್. ಅದರ ಬಲ ಪರೀಕ್ಷಿಸಲು ಒಂದು ಹಳೆಯ ಉಪಾಯವಿದೆ. ಹಾಲಿನ ಪುಡಿಯನ್ನು ನೀರಿನಲ್ಲಿ ತೆಳುವಾಗಿ ಕಲಸಿ ಬಿಸಿಯಲ್ಲಿಟ್ಟು ಟ್ರಿಪ್ಸಿನ್ ಬಿಟ್ಟರೆ, ಬಲ ಇದ್ದರೆ ಹಾಲು ತಿಳಿನೀರಾಗುತ್ತದೆ. ಹಳೆಯ ಬಾಟಲಿ, ಹೊಸ ಬಾಟಲಿ ಎರಡನ್ನೂ ಇಟ್ಟು ನೋಡಿದೆ. ಹೊಸದು ಬೇಗ, ಹಳೆಯದು ನಿಧಾನ. ಆದರೆ ಎರಡೂ ತಿಳಿಯಾದವು. ಅಂಟಂಟು ಬಾಟಲಿಯ ಕಿಣ್ವ ಕೂಡ ಬದುಕಿತ್ತು. ಹಾಗಾದರೆ ಚರ್ಮ ಯಾಕೆ ಸತ್ತಿತು ಎಂಬುದು ತಿಳಿಯಲಿಲ್ಲ.

ಈ ಉಜ್ಜುವ ತೊಳೆಯುವ ದಿನಗಳಲ್ಲಿ ನನಗೆ ಜೊತೆಯಾದವಳು ಕ್ಲಿನಿಕ್ಕಿನ ಆಯಾ. ಗಡಿಯೂರು ನಾರಾಯಣಖೇಡ ಕಡೆಯವಳು, ಅರವತ್ತರ ಸಮೀಪದ ಹೆಂಗಸು, ಮನೆಯಲ್ಲಿ ಕನ್ನಡ. ನಾನು ವಿಜಯಪುರದವಳೆಂದು ತಿಳಿದ ಮೇಲೆ ಮಧ್ಯಾಹ್ನ ನನ್ನನ್ನು ಒಬ್ಬಳೇ ಉಣ್ಣಲು ಬಿಡುತ್ತಿರಲಿಲ್ಲ. ಜೋಳದ ರೊಟ್ಟಿಯಲ್ಲಿ ಅರ್ಧ ನನ್ನ ಡಬ್ಬಿಯ ಮುಚ್ಚಳಕ್ಕೆ ಬೀಳುತ್ತಿತ್ತು. ‘ತಿನ್ನವ್ವ, ಎಲಬು ಕಾಣ್ತಾವ’ ಎನ್ನುವಳು. ಆಪರೇಷನ್ ಕೋಣೆಯಲ್ಲಿ ಡಾಕ್ಟರಿಗೆ ತಟ್ಟೆ ಹಿಡಿಯುವುದೂ, ಚರ್ಮದ ತುಂಡನ್ನು ಉಪ್ಪುನೀರಿನ ಕೊಳವೆಗೆ ಹಾಕಿ ನನಗೆ ತಂದುಕೊಡುವುದೂ ಅವಳೇ.

ಮೇಷ್ಟರ ನಂತರ ಬಂದವಳು ಕೋಠಿ ಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಹೆಂಗಸು. ಮೂವತ್ತು ದಾಟಿರಬೇಕು. ಎರಡೂ ಕೈಗಳ ಮೇಲ್ಭಾಗದಲ್ಲಿ, ಬೆರಳುಗಳ ತುದಿಯವರೆಗೆ ಬಿಳುಪು ಹರಡಿತ್ತು. ಮೊದಲು ಬಲಗೈಗೆ ಮಾಡುವುದೆಂದು ಡಾಕ್ಟರು ಗೊತ್ತುಮಾಡಿದ್ದರು. ಓಲೆಯಿರಬೇಕಾದ ಕಿವಿಯಲ್ಲಿ ಬೇವಿನ ಕಡ್ಡಿ; ಓಲೆ ಈ ಚಿಕಿತ್ಸೆಯ ದುಡ್ಡಿಗೆ ಹೋಗಿರಬೇಕು. ರಕ್ತ ತೆಗೆಯಲು ತೋಳಿಗೆ ಪಟ್ಟಿ ಕಟ್ಟುವಾಗ ನಾನು ಗುನುಗಿದ ಕನ್ನಡ ಹಾಡು ಕೇಳಿ ತಲೆಯೆತ್ತಿದಳು.

‘ನಮ್ಮ ಕಡ್ಯಾರೇನ್ರಿ ನೀವು? ನಂದು ಲಿಂಗಸೂಗೂರು ಹತ್ರ ಐತಿ.’

ಸೂಜಿ ಚುಚ್ಚಿದ ಭಯವೋ ಭಾಷೆ ಸಿಕ್ಕ ಸಮಾಧಾನವೋ, ಅವಳು ಮಾತಾಡುತ್ತಲೇ ಇದ್ದಳು. ‘ಸೀರಿ ಬಿಚ್ಚಿ ತೋರ್ಸೂದು ನನ್ನ ಕೆಲಸ ಇತ್ರಿ. ಕೌಂಟರ್ ಮುಂದ ಹನ್ನೊಂದು ವರ್ಷ. ಒಂದಿನ ಒಬ್ಬಾಕಿ ನನ್ನ ಕೈ ನೋಡಿ, ಈಕಿ ಮುಟ್ಟಿದ್ದು ಬ್ಯಾಡ, ಬ್ಯಾರೆ ತಗೀರಿ ಅಂದ್ಲು. ಸಾವ್ಕಾರ್ರು ಮರುದಿನಾನ ನನ್ನ ಮಾಳಿಗಿ ಮ್ಯಾಲಿನ ಗೋದಾಮಿಗೆ ಹಾಕಿದ್ರು. ಅಲ್ಲೆ ಕುಂತು ಸೀರಿ ಮಡಚಾಕತ್ತೀನಿ.’ ಹೇಳಿ ನಕ್ಕಳು. ‘ಕೆಳಗ ಹೋಗೂ ಸೀರಿ ಎಲ್ಲಾ ನಾ ಮಡಚಿದ್ದ ಅದಾವ್ರಿ. ಅದು ಅವರಿಗೆ ಗೊತ್ತಿಲ್ಲ.’

‘ಬೆರಳಿಗೆ ಬಣ್ಣ ಬರೂದು ಭಾಳ ಕಷ್ಟ ಐತ್ರಿ’ ಎಂದೆ. ಅದು ನಿಜ; ಬೆರಳ ತುದಿಗಳಲ್ಲಿ ಈ ಕೋಶಗಳು ಹಿಡಿಯುವುದು ಅಪರೂಪ.

‘ಡಾಕ್ಟರ್ ಸಾಬ್ರು ಪೂರಾ ಬರ್ತೈತಿ ಅಂದಾರ’ ಎಂದಳು.

ಅವಳ ದಿನ ಬಂತು. ಆಯಾ ತಂದುಕೊಟ್ಟ ಕೊಳವೆಯಿಂದ ತುಂಡನ್ನು ಎತ್ತಿ ತಟ್ಟೆಯಲ್ಲಿ ಹರಡಿದಾಗಲೇ ನನ್ನ ಕೈ ನಿಂತಿತು. ಅದೇ ಬಿರುಸು. ಅದೇ ಬೆಂದ ಬಿಳಿಚು. ಆದರೂ ಹೊಸ ಟ್ರಿಪ್ಸಿನ್, ತೊಳೆದ ತೊಟ್ಟಿ, ಸರಿಯಾದ ಬಿಸಿ, ಎಲ್ಲವನ್ನೂ ಮಾಡಿದೆ. ಕಾದೆ. ಎತ್ತಿದರೆ ಮೇಲ್ಪದರ ಚೂರಾಯಿತು. ನೀಲಿ ಹನಿ ಹಾಕಿ ಕಣ್ಣಿಟ್ಟೆ. ನೀಲಿ, ನೀಲಿ, ನೀಲಿ. ನಡುವೆ ಒಂದೆರಡು ಬಣ್ಣ ಹಿಡಿಯದೆ ಹೊಳೆದವು, ಅಷ್ಟೇ.

ಆ ಕ್ಷಣಕ್ಕೆ ಹೊಳೆದ ವಿಷಯ ಸರಳವಾಗಿತ್ತು. ಕಿಣ್ವ ಮುಟ್ಟುವ ಮೊದಲೇ ಚರ್ಮ ಸತ್ತಿತ್ತು. ಎಂದರೆ ತಪ್ಪು ನನ್ನ ಕೋಣೆಯಲ್ಲಿರಲಿಲ್ಲ. ಎದ್ದು ಆಪರೇಷನ್ ಕೋಣೆಯ ಪಕ್ಕದ ಸಿಂಕಿಗೆ ಹೋದೆ. ಅಲ್ಲಿ ಸ್ಟೀಲಿನ ತಟ್ಟೆಯೊಂದರಲ್ಲಿ ಮಸುಕು ಗುಲಾಬಿ ಬಣ್ಣದ ನೀರು. ಅದರಲ್ಲಿ ಉಗುರಿನಷ್ಟು ಚರ್ಮದ ಚೂರು ತೇಲುತ್ತಿತ್ತು. ಬಗ್ಗಿ ಮೂಸಿದೆ. ಸ್ಪಿರಿಟ್. ಈ ಕಟ್ಟಡದಲ್ಲಿ ಎಲ್ಲವೂ ಸ್ಪಿರಿಟ್ ನಾರುತ್ತಿದ್ದುದರಿಂದ ಅದು ನನ್ನ ಮೂಗಿಗೆ ಬೇರೆಯಾಗಿ ಹತ್ತಿರಲೇ ಇಲ್ಲ.

ಆಯಾ ಅಲ್ಲೇ ಕತ್ತರಿಗಳನ್ನು ಒರೆಸುತ್ತಿದ್ದಳು.

‘ಇದರಾಗ ಯಾಕ ಹಾಕಿದ್ರಿ ಇದನ್ನ?’

‘ತೊಳದೆನವ್ವ. ಹೋದ ಸಲ ಮಾಸ್ತರದೂ ತೊಳದೇ ಕೊಟ್ಟಿದ್ದೆ. ಸ್ಪಿರಿಟ್‌ನಾಗ ಅದ್ದಿ ಇಟ್ಟು, ಆಮ್ಯಾಲ ನಿನ್ನ ಕೊಳವಿಗೆ ಹಾಕ್ತೀನಿ.’

‘ತೊಳೀರಿ ಅಂತ ಯಾರು ಹೇಳಿದ್ರು?’

‘ಯಾರು ಹೇಳಬೇಕು? ಬಿಳಿ ಬ್ಯಾನಿ ಮಂದಿ ಚರ್ಮ ಅದು. ಹಂಗೇ ಹ್ಯಾಂಗ ಕೊಡ್ಲಿ ನಿನ್ನ ಕೈಯಾಗ? ನೋಡಿದ್ರೇ ನನಗ ಓಕರಿಕಿ ಬರ್ತದ. ನೀ ದಿನಾ ಅದನ್ನೇ ಹಿಡಕೊಂಡು ಕೂಡಾಕಿ. ಇನ್ನ ಮದಿವಿ ಆಗಾಕಿ ಇದ್ದಿ. ನಾಳಿ ನಿನಗ ಹತ್ತಿದ್ರ?’

ತೊನ್ನು ಹತ್ತುವ ರೋಗವಲ್ಲ. ಅಲ್ಲದೆ ಅದು ಮಚ್ಚೆಯ ಚರ್ಮವೂ ಅಲ್ಲ, ತೊಡೆಯ ಒಳ್ಳೆಯ ಚರ್ಮ. ಇದನ್ನೆಲ್ಲ ಬಿಡಿಸಿ ಹೇಳಲು ಆಗ ಹೊತ್ತಿರಲಿಲ್ಲ. ಅವಳು ಮುಖ ಸಪ್ಪಗೆ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಳು, ಉಪಕಾರ ಮಾಡಿ ಬೈಸಿಕೊಂಡವಳ ಹಾಗೆ. ನನಗಾಗಿಯೇ ತೊಳೆದಿದ್ದಳು. ನನ್ನ ಡಬ್ಬಿಗೆ ರೊಟ್ಟಿ ಹಾಕುವ ಕೈಯೇ ಇಬ್ಬರ ಚರ್ಮವನ್ನು ಕೊಂದಿತ್ತು. ಅವಳ ಮೇಲೆ ಅಸಹ್ಯ ಬಂತು, ಆ ಅಸಹ್ಯವನ್ನು ಪೂರ್ತಿ ಅವಳ ಮೇಲೆ ಹಾಕಲೂ ಆಗಲಿಲ್ಲ. ಅವಳಿಗೆ ಒಂದು ಮಾತೂ ತಿಳಿಹೇಳದ ಡಾಕ್ಟರು ಒಳಗೆ ಕೈಗವಸು ಹಾಕಿಕೊಂಡು ನಿಂತಿದ್ದರು.

ಒಳಗೆ ಹೋಗಿ ಅವರ ಕಿವಿಯ ಹತ್ತಿರ ಮೆಲ್ಲಗೆ ತೆಲುಗಿನಲ್ಲಿ ಹೇಳಿದೆ. ಸ್ಪಿರಿಟ್ಟಿಗೆ ಹಾಕಿದ್ದಾರೆ, ಕೋಶಗಳು ಸತ್ತಿವೆ, ಕೈ ಉಜ್ಜಬೇಡಿ. ಸೀರೆ ಅಂಗಡಿಯ ಹೆಂಗಸು ಮಂಚದ ಮೇಲೆ ಮಲಗಿದ್ದಳು. ತೊಡೆಗೆ ಪಟ್ಟಿ, ಬಲಗೈ ಹಸಿರು ಬಟ್ಟೆಯ ಮೇಲೆ ಚಾಚಿತ್ತು. ಉಜ್ಜುವ ಯಂತ್ರದ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಯಾಗಿತ್ತು.

ಡಾಕ್ಟರು ನನ್ನ ಕಡೆ ತಿರುಗದೆ, ಇಂಗ್ಲಿಷಿಗೆ ಹೊರಳಿ, ಮೆಲ್ಲಗೆ ಅಂದರು. ಕೊಳವೆ ತಂದುಕೊಡು. ಉಳಿದದ್ದು ನನ್ನ ಜವಾಬ್ದಾರಿ.

ಸತ್ತ ಕೋಶಗಳನ್ನು ಹನಿಸಲು ಅವರು ಅವಳ ಕೈಯ ಚರ್ಮವನ್ನು ರಕ್ತ ಒಸರುವವರೆಗೆ ಉಜ್ಜಬೇಕಾಗಿತ್ತು. ಆಮೇಲೆ ವಾರಗಟ್ಟಲೆ ಕೈ ಕಟ್ಟಿಕೊಂಡು, ತಿಂಗಳುಗಟ್ಟಲೆ ಆ ಜಾಗವನ್ನೇ ನೋಡುತ್ತ ಅವಳು ಕೂರಬೇಕಾಗಿತ್ತು. ಕೊನೆಗೆ ಅವಳ ದೇಹ ಒಪ್ಪಲಿಲ್ಲ ಎನ್ನುತ್ತಿದ್ದರು. ನಾನು ಲ್ಯಾಬಿಗೆ ಹೋದೆ. ಕೊಳವೆಯನ್ನು ತೆಗೆದುಕೊಂಡೆ. ನೆಲದ ಮೂಲೆಯ ಜಾಲರಿಯೊಳಗೆ ಸುರಿದೆ. ಜಿರಳೆಗಳು ಒಳಗೆ ಸರಿದವು. ಖಾಲಿ ಕೊಳವೆಯನ್ನು ಹಿಡಿದು ಮರಳಿ ಬಂದು, ಡಾಕ್ಟರಿಗಲ್ಲ, ಅವಳಿಗೆ ಹೇಳಿದೆ. ಅವರಿಗೆ ತಿಳಿಯದ ನಮ್ಮ ಕನ್ನಡದಲ್ಲಿ.

‘ನಿಮ್ಮ ಕೋಶ ಸತ್ತಾವ್ರಿ. ಇಲ್ಲೇ ನಮ್ಮ ಕೈಯಾಗ ಸತ್ತಾವ. ನಿಮ್ಮ ತಪ್ಪಲ್ಲ, ನಿಮ್ಮ ಮೈದೂ ತಪ್ಪಲ್ಲ. ಇವರು ಕೈ ಉಜ್ಜಾಕ ಬಂದ್ರ ಬ್ಯಾಡ ಅನ್ರಿ.’

ಅವಳು ಧನ್ಯವಾದ ಹೇಳುತ್ತಾಳೆಂದು ಒಳಗೊಳಗೇ ಎಣಿಸಿದ್ದೆ ಎನಿಸುತ್ತದೆ. ಅವಳು ಮೊಣಕೈ ಊರಿ ಎದ್ದಳು. ಮುಖ ಕೆಂಪಗಾಗಿತ್ತು.

‘ಎಲ್ಲಿ ಅದು?’

‘ಚೆಲ್ಲಿದೆ.’

‘ಚೆಲ್ಲಾಕ ನೀವು ಯಾರ್ರಿ? ನನ್ನ ತೊಡಿದಲ್ಲೇನು ಅದು? ಒಂದೂ ಬದುಕಿರಲಿಲ್ಲೇನು?’

‘ಒಂದೆರಡು ಇದ್ವು.’

‘ಆ ಒಂದೆರಡರ ಹಚ್ಚಬೇಕಿತ್ತು. ಕೇಳದ ಚೆಲ್ಲಿದ್ರಲ್ಲ. ಎಲ್ಲಾರೂ ಹಂಗ. ಯಾರೂ ನನ್ನ ಕೇಳಲ್ಲ.’

ಒಂದೆರಡರಿಂದ ಏನೂ ಆಗುತ್ತಿರಲಿಲ್ಲ. ಆದರೆ ಕೇಳಬೇಕಿತ್ತು. ಡಾಕ್ಟರು ಏನಾಯಿತು, ಏನಾಯಿತು ಎಂದು ತೆಲುಗಿನಲ್ಲಿ ಕೇಳುತ್ತಿದ್ದರು. ಅವಳು ಅವರ ಕಡೆ ತಿರುಗಿ, ಅಂಗಡಿಯಲ್ಲಿ ಕಲಿತ ಚೊಕ್ಕ ತೆಲುಗಿನಲ್ಲಿ, ಗಾಜಿನಾಚೆ ಬಿಳಿ ಸೋಫಾದಲ್ಲಿ ಕೂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಸತ್ತದ್ದನ್ನು ಹಚ್ಚುತ್ತಿದ್ದಿರಾ ಎಂದು ಕೇಳಿದಳು. ಧ್ವನಿ ತಗ್ಗಿಸಮ್ಮಾ ಎಂದು ಡಾಕ್ಟರು ಬೇಡಿಕೊಂಡರು. ಅವಳು ತಗ್ಗಿಸಲಿಲ್ಲ. ಆಮೇಲೆ ನನಗೆ ಕನ್ನಡದಲ್ಲಿ ಹೇಳಿದಳು.

‘ಆ ಕಡೀ ತೊಡಿ ಐತಲ್ಲ. ತಗೀರಿ ಅನ್ರಿ ಅವರಿಗೆ. ಆದ್ರ ಈ ಸಲ ನೀವ ಇಲ್ಲೆ ನಿಂದರ್ಬೇಕು.’

ಡಾಕ್ಟರು ಒಪ್ಪಿದರು. ಒಳ್ಳೆಯತನದಿಂದಲ್ಲ, ಸೋಫಾದವರ ಭಯದಿಂದ. ಈ ಸಲ ನಾನೇ ತೊಡೆಯನ್ನು ಉಪ್ಪುನೀರಿನಿಂದ ಮತ್ತೆ ಮತ್ತೆ ಒರೆಸಿದೆ, ಬಳಿದ ಔಷಧಿಯ ಗುರುತೂ ಉಳಿಯದಂತೆ. ತಣ್ಣನೆಯ ದ್ರವದ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತೆ. ಡಾಕ್ಟರ ಅಲಗಿನಿಂದ ಪದರ ನೇರ ನನ್ನ ಬಟ್ಟಲಿಗೆ ಬಿತ್ತು. ಮೆತ್ತಗಿತ್ತು, ಅಂಚುಗಳು ತಾವೇ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಆಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೂಗಿನ ಮೇಲೆ ಸೆರಗು ಹಿಡಿದಿದ್ದಳು.

ಟ್ರಿಪ್ಸಿನ್ ಹಾಕಿ ತೊಟ್ಟಿಯಲ್ಲಿಟ್ಟು ನಾನು ಅಲ್ಲೇ ಕೂತೆ. ಆಗಾಗ ಎತ್ತಿ ಅಂಚನ್ನು ಚಿಮಟದಿಂದ ಮುಟ್ಟಿ ನೋಡಿದೆ. ಇನ್ನೂ ಇಲ್ಲ, ಇನ್ನೂ ಇಲ್ಲ. ಒಮ್ಮೆ ಮುಟ್ಟಿದಾಗ ಅಂಚು ಜಾರಿತು. ಅವಳ ರಕ್ತದ ತಿಳಿ ಹಾಕಿ ನಿಲ್ಲಿಸಿದೆ. ಎಳೆದೆ. ಮೇಲ್ಪದರ ಕೆನೆಯಂತೆ, ಇಡಿಯಾಗಿ, ಸದ್ದಿಲ್ಲದೆ ಕಳಚಿ ಬಂತು. ಕಲಕಿ ತಿರುಗಿಸಿದ ಮೇಲೆ ಕೊಳವೆಯ ತುದಿಯಲ್ಲಿ ಕಂದು ಮುದ್ದೆ. ನೀಲಿ ಹನಿ ಹಾಕಿ ನೋಡಿದರೆ ಕೋಶಗಳು ಬಣ್ಣ ಒಲ್ಲದೆ ದುಂಡಗೆ ಹೊಳೆಯುತ್ತಿದ್ದವು, ಅಲ್ಲೊಂದು ಇಲ್ಲೊಂದು ನೀಲಿ ಬಿಟ್ಟರೆ. ಆ ಕ್ಲಿನಿಕ್ಕಿನಲ್ಲಿ ನಾನು ಕಂಡ ಒಂದೇ ಶುದ್ಧ ನೋಟ ಅದು.

ಹಸಿ ಮಾಡಿದ ಕೈಯ ಮೇಲೆ ಹನಿಸಿ, ಗಾಯ ಮುಚ್ಚುವ ಕೊಲಾಜನ್ ಹಾಳೆ ಹೊದಿಸಿ ಕಟ್ಟಿದರು. ಅವಳು ಎರಡೂ ತೊಡೆಗೆ ಪಟ್ಟಿ ಹಾಕಿಕೊಂಡು ಕಾಲು ಅಗಲಿಸಿ ನಡೆಯುತ್ತ ಆಟೋ ಹತ್ತಿದಳು. ನನ್ನ ಫೋನ್ ನಂಬರ್ ಕೇಳಿ ತೆಗೆದುಕೊಂಡಳು, ನಗಲಿಲ್ಲ.

ಆ ದಿನ ಮಧ್ಯಾಹ್ನ ನಾನು ಉಣ್ಣಲಿಲ್ಲ. ಆಯಾ ಮುಚ್ಚಳಕ್ಕೆ ರೊಟ್ಟಿ ಹಾಕಿ ಪಕ್ಕಕ್ಕೆ ತಳ್ಳಿದಳು. ನಾನು ಅವಳಿಗೆ ಎಲ್ಲವನ್ನೂ ವಿವರಿಸಿದೆ. ಹತ್ತುವುದಿಲ್ಲ, ಯಾರಿಗೂ ಹತ್ತಿಲ್ಲ, ಸ್ಪಿರಿಟ್ ಜೀವ ತೆಗೆಯುತ್ತದೆ. ಅವಳು ತಲೆಯಾಡಿಸಿದಳು. ‘ನೀ ಹೇಳ್ತಿ, ಇರಬೇಕು. ಮತ್ತ ನನಗ ಓಕರಿಕಿ ಬರೂದು ಬಿಡಲ್ಲಲ್ಲ’ ಎಂದಳು. ಸುಳ್ಳು ಹೇಳಲಿಲ್ಲ ಎಂಬುದಷ್ಟೇ ಸಮಾಧಾನ.

ಆ ತಿಂಗಳೇ ಕೆಲಸ ಬಿಟ್ಟೆ. ಬಿಡುವ ಮುನ್ನ ಕಾಲೇಜಿನ ಮೇಷ್ಟರಿಗೆ ಫೋನ್ ಮಾಡಿ, ಅವರ ಹಣೆಗೆ ಹಚ್ಚಿದ್ದು ಏನೆಂದು ಹೇಳಿದೆ. ಅವರು ತೆಲುಗಿನಲ್ಲಿ ನಿಧಾನಕ್ಕೆ ಅಂದರು: ‘ಇನ್ನೂ ಒಂದು ಚುಕ್ಕಿಯೂ ಏಳಲಿಲ್ಲವೆಂದು ದಿನಾ ಬೆಳಗ್ಗೆ ಕನ್ನಡಿ ಮುಂದೆ ನಿಂತು ನನ್ನ ಮೈಯನ್ನೇ ಬೈಯುತ್ತಿದ್ದೆ.’ ಅವರು ದೂರು ಕೊಟ್ಟರೋ ಇಲ್ಲವೋ ನನಗೆ ತಿಳಿಯದು. ಕ್ಲಿನಿಕ್ ಇನ್ನೂ ನಡೆಯುತ್ತಿದೆ.

ಸೀರೆ ಅಂಗಡಿಯ ಹೆಂಗಸು ಎರಡು ತಿಂಗಳ ಮೇಲೆ ಮೊದಲ ಸಲ ಫೋನ್ ಮಾಡಿದಳು. ಮೆಣಸಿನ ಕಾಳಿನಂಥ ಚುಕ್ಕಿ ಎದ್ದಿವೆ ಎಂದಳು. ಆಮೇಲೆ ಚುಕ್ಕಿಗಳು ಕೂಡಿಕೊಂಡವು. ಚಳಿಗಾಲದ ಹೊತ್ತಿಗೆ ಬಲಗೈಯ ಮೇಲ್ಭಾಗ ಹೆಚ್ಚುಕಡಿಮೆ ತುಂಬಿತು. ಬೆರಳುಗಳು ಹಾಗೇ ಉಳಿದವು, ಗಿಣ್ಣಿನಿಂದ ತುದಿಯವರೆಗೆ ಬಿಳಿ. ಸಾಹುಕಾರರು ನೋಡಿ, ಇನ್ನೂ ಸ್ವಲ್ಪ ದಿನ ಮೇಲೇ ಇರು ಎಂದರಂತೆ. ಅವಳು ಆ ಅಂಗಡಿ ಬಿಟ್ಟು, ಅದೇ ಬೀದಿಯಲ್ಲಿ ರವಿಕೆ ಕಣ ಮಾರುವ ಹೆಂಗಸೊಬ್ಬಳ ಅಂಗಡಿಗೆ ಸೇರಿದಳು. ಅಲ್ಲಿ ಒಂದೇ ಕೋಣೆ, ಮೇಲೆ ಕೂರಿಸಲು ಮಾಳಿಗೆಯಿಲ್ಲ.

ಇತ್ತೀಚೆಗೆ ಒಂದು ಮಧ್ಯಾಹ್ನ ಮತ್ತೆ ಫೋನ್ ಬಂತು. ಹಿಂದೆ ಬಸ್ಸುಗಳ ಹಾರ್ನು.

‘ಮೇಡಮ್ಮಾರ, ಇಲ್ಲೆ ಬಸ್ ಸ್ಟಾಪಿನಾಗ ನಿಮ್ಮ ಕ್ಲಿನಿಕ್ಕಿಂದು ದೊಡ್ಡ ಬೋರ್ಡ್ ಹಾಕ್ಯಾರ್ರಿ. ಮೊದಲ ಹಿಂಗಿತ್ತು, ಈಗ ಹಿಂಗಾತು ಅಂತ ಎರಡು ಫೋಟೋ. ನಂದ ಕೈ ಐತಿ. ಮಣಿಕಟ್ಟಿನ ಮ್ಯಾಲಿನ ಹುಟ್ಟುಮಚ್ಚಿ ನಂಗ ಗೊತ್ತಾಗಲ್ಲೇನು?’

ಯಾವಾಗ ತೆಗೆದರು ಎಂದು ಕೇಳಿದೆ. ಪಟ್ಟಿ ಬದಲಿಸಲು, ಆಮೇಲೆ ಕೈ ತೋರಿಸಲು ಹೋದಾಗಲೆಲ್ಲ ತೆಗೆಯುತ್ತಿದ್ದರಂತೆ. ಚಿಕಿತ್ಸೆಗೆ ಬೇಕು ಎಂದಿದ್ದರಂತೆ. ನನಗೆ ಚಹಾದಿಂದ ಬಿಸ್ಕತ್ತು ಎತ್ತಿದ ಡಾಕ್ಟರ ಬೆರಳು ನೆನಪಾಯಿತು.

‘ಎರಡನೇ ಫೋಟೋದಾಗ ಬೆರಳು ಇಲ್ರಿ’ ಎಂದಳು. ‘ಗಿಣ್ಣಿನ ತನಾ ತೋರ್ಸಿ, ಮುಂದಿಂದು ಕತ್ತರಿಸ್ಯಾರ.’

‘ದೂರು ಕೊಡೋಣು. ನಾನೂ ಬರ್ತೀನಿ, ಹೇಳ್ತೀನಿ.’

‘ಕೊಡೂಣ್ರಿ. ನಾಳಿ ಅಂಗಡಿ ರಜಾ ಐತಿ, ನಾಳಿನ ಹೋಗೂಣು.’ ಬಸ್ಸೊಂದು ಅವಳ ಮಾತನ್ನು ನುಂಗಿ ಹಾದುಹೋಯಿತು. ಅದು ಹೋಗುವವರೆಗೆ ಕಾದು ಹೇಳಿದಳು: ‘ಇಲ್ಲಿ ನನ್ನ ಬಾಜೂಕ ನಿಂತಾಕಿ ಬೋರ್ಡ್ ನೋಡಿ, ಎಷ್ಟು ಚೊಲೋ ಆಗೇದ ನೋಡ್ರಿ ಕೈ ಅಂದ್ಲು. ಹೌದೇನ್ರಿ ಅಂತ ನಾ ಬೋರ್ಡಿಗೆ ಬೆರಳು ಮಾಡಿ ತೋರ್ಸಿದೆ. ಬೆರಳು ನೋಡಿ ಆಕಿ ಸರದು ನಿಂತ್ಲು.’